ಒಟ್ಟಾವಾದಿಂದ ಬಂದ ಮೊಮ್ಮಗಳು

ಸ್ಮರಣ ಸಂಚಿಕೆಗೊಂದು ಬರಹ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ಎಂದಿನಂತೆ ವ್ಯಾಕರಣದ ಯಾವುದಾದರೊಂದು ಪ್ರಕರಣವನ್ನು ಕುರಿತು ನಾಲ್ಕು ಪುಟ ಬರೆದುಕೊಟ್ಟು ನಾನು ನಿಶ್ಚಿಂತನಾಗಬಹುದಿತ್ತು. ಸಂಧಿ-ಸಮಾಸಗಳ ಮೇಲೆ ನಾನು ಬರೆದುದನ್ನು ಓದುವವರೆಷ್ಟು ಜನರೆಂಬುದು ನನಗೆ ತಿಳಿಯದ ಸಂಗತಿಯೇನಲ್ಲ. ಆದರೆ ಕಳೆದ ಡಿಸೆಂಬರಿನಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಒಬ್ಬ ಹುಡುಗಿ ಕೇಳಿದ ಪ್ರಶ್ನೆಯೊಂದು ಇಂದಿಗೂ ನನ್ನನ್ನು ಬಿಟ್ಟಿಲ್ಲವಾದ್ದರಿಂದ ಅದನ್ನೇ ಇಲ್ಲಿ ನಿವೇದಿಸುತ್ತೇನೆ.

ಮೊದಲು ಆ ಹುಡುಗಿಯ ತಂದೆಯ ವಿಷಯ. ಆತ 1995ರಲ್ಲಿ ನಮ್ಮ ಶಾಲೆಯಿಂದ ಎಸ್‌.ಎಸ್‌.ಎಲ್‌.ಸಿ. ಮುಗಿಸಿದವನು. ಪ್ರಸಾದನಿಲಯದಲ್ಲಿದ್ದುಕೊಂಡು ಓದಿದ ಒಕ್ಕಲುತನದ ಮನೆಯ ಹುಡುಗ. ಕಂಠ ಗಂಭೀರ, ಮಾತು ನೇರ. ಆ ವರ್ಷದ ಚರ್ಚಾಸ್ಪರ್ಧೆಯ ವಿಷಯ "ವಿದ್ಯಾರ್ಥಿಗಳು ರಾಜಕಾರಣದಲ್ಲಿ ಭಾಗವಹಿಸಬೇಕೇ?" ಎಂಬುದಾಗಿತ್ತು. ಬೇಕೆಂಬ ಪಕ್ಷವನ್ನು ಅವನು ಹಿಡಿದ. ಭಾಷಣವನ್ನು ತಿದ್ದಿದವನು ನಾನೇ. ಅಲ್ಪಪ್ರಾಣ-ಮಹಾಪ್ರಾಣಗಳ ವ್ಯತ್ಯಾಸ ನಾಲಗೆಗೆ ಹತ್ತುವವರೆಗೆ ಸಂಜೆ ಆಟದ ಬಯಲಿನಲ್ಲಿ ನಿಲ್ಲಿಸಿ ಮತ್ತೆ ಮತ್ತೆ ಹೇಳಿಸಿದವನೂ ನಾನೇ. ಢಾಲು ನಮ್ಮ ಶಾಲೆಗೆ ಬಂದಿತು.

ಪರೀಕ್ಷೆ ಮುಗಿದ ಮೇಲೆ ಒಂದು ದಿನ ಅವನ ತಂದೆ ಬಂದರು. "ಹುಡುಗ ವಕೀಲಿ ಓದ್ತೀನಿ, ಮುಂದ ಚುನಾವಣಿಗೆ ನಿಂದರ್ತೀನಿ ಅಂತಾನ್ರಿ, ನೀವು ಹೇಳಿದಂಗ ಮಾಡ್ತೀವಿ" ಎಂದರು. ನಾನು ಒಂದು ಗಳಿಗೆಯೂ ಯೋಚಿಸಲಿಲ್ಲ. ರಾಜಕಾರಣವೆಂಬುದು ಕೆಸರಿನ ಹೊಂಡ, ಮರ್ಯಾದಸ್ಥರ ಮಕ್ಕಳು ಇಳಿಯುವ ಜಾಗವಲ್ಲ. ಗಣಿತದಲ್ಲಿ ಒಳ್ಳೆಯ ಅಂಕಗಳು ಬರುತ್ತವೆ, ವಿಜ್ಞಾನಕ್ಕೆ ಹಾಕಿರಿ ಎಂದುಬಿಟ್ಟೆ. ಹುಡುಗ ಬಾಗಿಲ ಬಳಿ ನಿಂತು ಕೇಳುತ್ತಿದ್ದ. ಏನೂ ಅನ್ನಲಿಲ್ಲ. ವಿಜ್ಞಾನ ಓದಿದ, ಇಂಜಿನಿಯರಾದ, ಕೆನಡಾ ದೇಶಕ್ಕೆ ಹೋಗಿ ಅದರ ರಾಜಧಾನಿಯಾದ ಒಟ್ಟಾವಾದಲ್ಲಿ ನೆಲೆಸಿದ. ನಮ್ಮ ಶಾಲೆಯ ಪ್ರಯೋಗಶಾಲೆಗೆ ಅವನು ಉದಾರವಾಗಿ ನೆರವಾದುದನ್ನು ಬಲ್ಲವರು ಬಲ್ಲರು. ನನ್ನ ಸಲಹೆ ಸಫಲವಾಯಿತೆಂದೇ ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ.

ಅವನ ಮಗಳು ಅಲ್ಲಿಯೇ ಹುಟ್ಟಿದವಳು. ಅಜ್ಜಿಯೊಡನೆ ದೂರವಾಣಿಯಲ್ಲಿ ಮಾತಾಡಿಯೇ ಕನ್ನಡ ಕಲಿತಳಂತೆ; ಆದಕಾರಣ ಅವಳ ಬಾಯಲ್ಲಿ ಬರುವುದು ಅಚ್ಚ ನಮ್ಮೂರಿನ ಮುದುಕಿಯರ ಕನ್ನಡ. ಕೇಳಲು ಕಿವಿಗೆ ಹಬ್ಬ. ಈಗ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಅದರ ಮೊದಲನೆಯ ವರ್ಷದಲ್ಲಿ, ಹದಿನೆಂಟರ ಹರೆಯದಲ್ಲಿ, ತಾನು ಕೆನಡಾದ ಪಾರ್ಲಿಮೆಂಟಿನಲ್ಲಿ ಪೇಜ್ ಆಗಿದ್ದೆನೆಂದಳು. ಪೇಜ್ ಎಂದರೆ ಪುಟವೆಂದಷ್ಟೇ ತಿಳಿದಿದ್ದ ನಾನು ತಬ್ಬಿಬ್ಬಾದೆ. ಅವಳು ನಕ್ಕು ವಿವರಿಸಿದಳು. ಅಲ್ಲಿನ ಹೌಸ್ ಆಫ್ ಕಾಮನ್ಸ್, ಎಂದರೆ ನಮ್ಮ ಲೋಕಸಭೆಯಂಥ ಸದನ, ಪ್ರೌಢಶಾಲೆ ಮುಗಿಸಿದ ಸುಮಾರು 40 ವಿದ್ಯಾರ್ಥಿಗಳನ್ನು ಪ್ರತಿವರ್ಷ ದೇಶದೆಲ್ಲೆಡೆಯಿಂದ ಆರಿಸಿ ತೆಗೆದುಕೊಳ್ಳುತ್ತದೆ. ಈ ಪದ್ಧತಿ ಈಗಿನ ರೂಪದಲ್ಲಿ ಆರಂಭವಾದದ್ದು 1978ರಲ್ಲಿ. ಇಂಗ್ಲಿಷ್ ಮತ್ತು ಫ್ರೆಂಚ್ ಎರಡೂ ಭಾಷೆಗಳು ಬರಲೇಬೇಕು. ಅದೇ ಪ್ರದೇಶದ ವಿಶ್ವವಿದ್ಯಾಲಯದಲ್ಲಿ ಓದುತ್ತಾ, ಸದನ ಸೇರಿದಾಗ ಸದಸ್ಯರಿಗೆ ಕಾಗದಪತ್ರ ತಲುಪಿಸುವುದು, ಸಂದೇಶ ಒಯ್ಯುವುದು, ಕುಡಿಯುವ ನೀರು ಇಡುವುದು ಇವರ ಕೆಲಸ.

"ನೀರು ಕೊಡೂದ?" ಎಂದು ನನ್ನ ಮನೆಯವರು ಹುಬ್ಬೇರಿಸಿದರು. "ಹೌದ್ರಿ ಅಜ್ಜಿ, ಪ್ರಧಾನಿಗೂ ಕೊಟ್ಟೀನಿ, ವಿರೋಧ ಪಕ್ಷದವರಿಗೂ ಕೊಟ್ಟೀನಿ. ಇಬ್ಬರಿಗೂ ಒಂದ ನೀರು" ಎಂದಳು. ದಾಸೋಹದ ಪಂಕ್ತಿಯಲ್ಲಿ ಬಡಿಸಿ ಬೆಳೆದ ನಮ್ಮ ಮಕ್ಕಳಿಗೆ ಈ ಮಾತಿನ ತೂಕ ತಿಳಿಯದಿರಲಾರದು.

ಪೇಜ್ ಆದವರು ಪಕ್ಷಪಾತ ತೋರುವಂತಿಲ್ಲ. 2011ರ ಜೂನ್ 3ರಂದು ಮೇಲ್ಮನೆಯಾದ ಸೆನೆಟ್ಟಿನಲ್ಲಿ ಸಿಂಹಾಸನದ ಭಾಷಣ ನಡೆಯುತ್ತಿದ್ದಾಗ, ಬ್ರಿಜೆಟ್ ಡಿಪೇಪ್ ಎಂಬ ಪೇಜ್ ಅಂದಿನ ಪ್ರಧಾನಿ ಹಾರ್ಪರರನ್ನು ತಡೆಯಿರೆಂಬ ಫಲಕವನ್ನು ಹಿಡಿದು ಸಭೆಯ ನಡುವೆ ನಿಂತುಬಿಟ್ಟಳಂತೆ. ಕೂಡಲೇ ಕೆಲಸದಿಂದ ತೆಗೆದರು. ಅದು ಸರಿಯೇ ತಪ್ಪೇ ಎಂದು ನಾನು ಕೇಳಿದೆ. "ಆಕೀ ಧೈರ್ಯ ದೊಡ್ಡದು. ಆದರ ನಾನು ಮಾಡ್ತಿರಲಿಲ್ಲ. ನನಗ ಅಲ್ಲೇ ನಿಂತು ಕೇಳೂದು ಇತ್ತು" ಎಂದಳು. ವಾದಿಸುವ ಮೊದಲು ಕೇಳಬೇಕೆಂಬುದನ್ನು ನನ್ನ ಗುರುಗಳು ನನಗೆ ಕಲಿಸಲು ಏಳು ವರ್ಷ ಹಿಡಿಯಿತು.

ಅವಳು ಹೋದ ಮೇಲೆ ನಾನು ಕೆನಡಾದ ಬಗೆಗೆ ದೊರೆತುದನ್ನೆಲ್ಲ ಓದತೊಡಗಿದೆ. ಅಲ್ಲಿ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ್ದು 1970ರಲ್ಲಿ. ನಮ್ಮಲ್ಲಿ ಅದು ಜಾರಿಗೆ ಬಂದದ್ದು 1989ರಲ್ಲಿ. ಆದರೆ ನಮ್ಮಲ್ಲಿ ಲೋಕಸಭೆಗೆ ನಿಲ್ಲಲು 25 ತುಂಬಿರಬೇಕು. ಅಲ್ಲಿ ಮತ ಹಾಕಬಲ್ಲ ವಯಸ್ಸಿನವನು ಮತ ಕೇಳಲೂ ಬಲ್ಲ. ಇದರ ಫಲವಾಗಿ 2011ರ ಮೇ 2ರಂದು ಪಿಯೆರ್-ಲೂಕ್ ದ್ಯುಸೊ ಎಂಬ ವಿದ್ಯಾರ್ಥಿ ಕ್ವಿಬೆಕ್ ಪ್ರಾಂತದ ಶೆರ್ಬ್ರೂಕ್ ಕ್ಷೇತ್ರದಿಂದ ಗೆದ್ದುಬಂದ. ವಯಸ್ಸು 19, ಅದೇ ತಿಂಗಳ ಕೊನೆಗೆ 20 ತುಂಬಲಿತ್ತು. ಬೇಸಗೆಯ ರಜೆಯಲ್ಲಿ ಗಾಲ್ಫ್ ಮೈದಾನವೊಂದರಲ್ಲಿ ದುಡಿಯಲು ಗೊತ್ತುಮಾಡಿಕೊಂಡಿದ್ದ ಹುಡುಗ ಸಂಸದನಾಗಿ ಒಟ್ಟಾವಾಕ್ಕೆ ಹೋದ. ಆ ದೇಶದ ಇತಿಹಾಸದಲ್ಲಿ ಅಷ್ಟು ಚಿಕ್ಕವಯಸ್ಸಿನ ಸಂಸದ ಹಿಂದೆ ಇರಲಿಲ್ಲ. ಅವನ ಪಕ್ಷಕ್ಕೆ ಬೀಸಿದ ಗಾಳಿಯಲ್ಲಿ ತೂರಿಬಂದವನೆಂದು ಹೇಳಿಬಿಡಬಹುದಿತ್ತು. ಆದರೆ 2015ರಲ್ಲಿ ಆ ಗಾಳಿ ಅಡಗಿದ ಮೇಲೂ ಜನ ಅವನನ್ನು ಆರಿಸಿದರು. 2019ರಲ್ಲಿ ಸೋತ.

ನನ್ನ ಮನಸ್ಸು ಹೆಚ್ಚು ನಿಂತದ್ದು ಮಾತ್ರ ಇನ್ನೂ ಹಳೆಯ ಒಬ್ಬರಲ್ಲಿ. ವಿಲ್ಫ್ರಿಡ್ ಲೋರಿಯೆ 1841ರಲ್ಲಿ ಕ್ವಿಬೆಕ್ಕಿನ ಸೇಂಟ್ ಲಿನ್ ಎಂಬ ಹಳ್ಳಿಯಲ್ಲಿ ಹುಟ್ಟಿದವರು, ಮನೆಮಾತು ಫ್ರೆಂಚ್. ಹನ್ನೊಂದನೆಯ ವಯಸ್ಸಿನಲ್ಲಿ ತಂದೆ ಅವರನ್ನು ನೆರೆಯ ನ್ಯೂ ಗ್ಲಾಸ್ಗೋ ಎಂಬ ಊರಿಗೆ ಕಳಿಸಿದರು. ಅಲ್ಲಿದ್ದವರು ಸ್ಕಾಟ್‌ಲೆಂಡಿನಿಂದ ಬಂದವರು. ಭಾಷೆ ಬೇರೆ, ಮತ ಬೇರೆ. ಅವರ ಮನೆಯಲ್ಲಿದ್ದು ಅವರ ಮಾತನ್ನು ಕಲಿತು ಹುಡುಗ ಮರಳಿದ. ಆದರೆ ತನ್ನ ಮಾತನ್ನು ಬಿಡಲಿಲ್ಲ. ಮುಂದೆ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಕಾಯಿದೆ ಓದಿ 1864ರಲ್ಲಿ, ಇನ್ನೂ 23 ತುಂಬುವ ಮೊದಲೇ, ವಕೀಲರಾದರು. ಇಂಗ್ಲಿಷಿನ ಕೋಟೆಯಂತಿದ್ದ ಆ ವಿದ್ಯಾಲಯದಲ್ಲಿ ಬೀಳ್ಕೊಡುಗೆಯ ಭಾಷಣವನ್ನು ಮಾಡಿದ್ದು ಫ್ರೆಂಚಿನಲ್ಲಿ! ಕನ್ನಡ ಪಂಡಿತನಾದ ನಾನು ಇದನ್ನು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. 1871ರಲ್ಲಿ ಪ್ರಾಂತದ ಶಾಸನಸಭೆ, 1874ರಲ್ಲಿ ಒಟ್ಟಾವಾದ ಸದನ. 1896ರಿಂದ 1911ರವರೆಗೆ ಪ್ರಧಾನಿ. ಫ್ರೆಂಚ್ ಮಾತಾಡುವವರಲ್ಲಿ ಆ ಪದವಿಗೇರಿದವರಲ್ಲಿ ಅವರೇ ಮೊದಲಿಗರು.

ಹೊಗಳಿ ಬಿಟ್ಟುಬಿಡಲು ಮನಸ್ಸು ಒಪ್ಪದು. ಹುಟ್ಟಿದ ನಾಡಿನಿಂದ ಎಲ್ಲಿಯೂ ಇಳಿಯದೆ ನೇರವಾಗಿ ಬಂದವರಿಗಷ್ಟೇ ಪ್ರವೇಶವೆಂಬ ನಿಯಮ 1908ರಲ್ಲಿ ಜಾರಿಗೆ ಬಂದದ್ದು ಲೋರಿಯೆಯವರ ಸರಕಾರದಲ್ಲಿಯೇ. ಭಾರತದಿಂದ ಹಾಗೆ ನೇರವಾಗಿ ಬರಲು ಹಡಗೇ ಇರಲಿಲ್ಲವೆಂಬುದು ನಿಯಮ ಮಾಡಿದವರಿಗೆ ಗೊತ್ತಿತ್ತು. ಅದೇ ನಿಯಮವನ್ನು ಮುಂದೊಡ್ಡಿ 1914ರಲ್ಲಿ, ಬೇರೊಬ್ಬ ಪ್ರಧಾನಿಯ ಕಾಲದಲ್ಲಿ, 376 ಪ್ರಯಾಣಿಕರಿದ್ದ ಕೊಮಗಾಟ ಮಾರು ಹಡಗನ್ನು ವ್ಯಾಂಕೂವರ್ ಬಂದರಿನಲ್ಲಿ ಎರಡು ತಿಂಗಳು ತಡೆದು, ಕೆಲವರನ್ನಷ್ಟೇ ಇಳಿಸಿಕೊಂಡು ಉಳಿದವರನ್ನು ಹಿಂದಕ್ಕಟ್ಟಿದರು. ಎರಡು ಭಾಷೆಗಳ ನಡುವೆ ಸೇತುವೆಯಾದ ಮನುಷ್ಯನಿಗೆ ಮೂರನೆಯವರು ಕಾಣಲಿಲ್ಲ. 2016ರ ಮೇ 18ರಂದು ಅದೇ ಸದನದಲ್ಲಿ ಅಂದಿನ ಪ್ರಧಾನಿ ಜಸ್ಟಿನ್ ಟ್ರೂಡೋ ಕ್ಷಮೆ ಕೇಳಿದರು.

ಕನ್ನಡವೂ ಆ ಸದನದಲ್ಲಿ ಕೇಳಿಬಂದಿದೆ. ತುಮಕೂರು ಜಿಲ್ಲೆಯ ಶಿರಾ ತಾಲೂಕಿನಲ್ಲಿ ಹುಟ್ಟಿ, ಒಟ್ಟಾವಾದ ನೇಪಿಯನ್ ಕ್ಷೇತ್ರದಿಂದ 2015ರಲ್ಲಿ ಆರಿಸಿಬಂದು 2025ರವರೆಗೆ ಸಂಸದರಾಗಿದ್ದ ಚಂದ್ರ ಆರ್ಯ ಅವರು 2022ರ ಮೇ ತಿಂಗಳಲ್ಲಿ ಅಲ್ಲಿ ಎದ್ದುನಿಂತು ಕನ್ನಡದಲ್ಲಿ ಮಾತನಾಡಿದರು. ನನ್ನ ಶಿಷ್ಯ ಆ ದೃಶ್ಯವನ್ನು ಮನೆಯಲ್ಲಿ ಮತ್ತೆ ಮತ್ತೆ ಹಾಕಿ ನೋಡಿದನಂತೆ. "ಅಪ್ಪ ಅಳೂದು ನಾ ಅವತ್ತ ಮೊದಲ ಸಲ ನೋಡಿದೆ" ಎಂದಳು ಹುಡುಗಿ. ಪೇಜ್ ಕೆಲಸಕ್ಕೆ ಅರ್ಜಿ ಹಾಕಬೇಕೆಂಬ ಯೋಚನೆ ಅವಳಿಗೆ ಬಂದದ್ದು ಅಂದೇ.

ಮುಂದೆ ಕಾಯಿದೆ ಓದುವವಳಿದ್ದಾಳೆ. ಅಲ್ಲಿ ಅದು ಕಿರಿದಾದ ದಾರಿಯಲ್ಲ: ಪದವಿಯ ಓದು, ಪ್ರವೇಶ ಪರೀಕ್ಷೆ, ಮೂರು ವರ್ಷದ ಕಾಯಿದೆಯ ವ್ಯಾಸಂಗ, ಆಮೇಲೆ ಹಿರಿಯ ವಕೀಲರ ಕೈಕೆಳಗೆ ಹಲವು ತಿಂಗಳ ಉಮೇದುವಾರಿ. ಕ್ವಿಬೆಕ್ಕಿನಲ್ಲಿ ಫ್ರಾನ್ಸಿನ ಮಾದರಿಯ ಸಂಹಿತೆ, ಉಳಿದ ಪ್ರಾಂತಗಳಲ್ಲಿ ಇಂಗ್ಲೆಂಡಿನ ಸಂಪ್ರದಾಯ. ಎರಡನ್ನೂ ಓದಬೇಕೆಂಬುದು ಅವಳ ಹಂಬಲ. ಉಮೇದುವಾರಿಯ ಮಾತು ಬಂದಾಗ ನನಗೆ ನನ್ನ ಗುರುಗಳ ಮನೆಯ ಜಗುಲಿ ನೆನಪಾಯಿತು. ಶಬ್ದಮಣಿದರ್ಪಣದ ಸೂತ್ರಗಳನ್ನು ನಾನು ಕಲಿತದ್ದು ತರಗತಿಯಲ್ಲಲ್ಲ, ಅವರ ಓಲೆಗರಿಗಳ ಕಟ್ಟನ್ನು ಬಿಚ್ಚಿ ಕಟ್ಟುತ್ತಾ.

ಇನ್ನು ಆ ಪ್ರಶ್ನೆ. ಚಹ ಕುಡಿದು ಬಟ್ಟಲನ್ನು ಕೆಳಗಿಟ್ಟು ಅವಳು, "ಅಜ್ಜಾರ, ನಮ್ಮಪ್ಪಗ ರಾಜಕಾರಣ ಬ್ಯಾಡಂತ ಹೇಳಿದವರು ನೀವ ಏನ್ರಿ?" ಎಂದಳು. ದನಿಯಲ್ಲಿ ಆಕ್ಷೇಪವಿರಲಿಲ್ಲ; ತಿಳಿಯಬೇಕೆಂಬ ಆಸೆಯಷ್ಟೇ ಇತ್ತು. ಮೂವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ನಾನು ಉತ್ತರಕ್ಕಾಗಿ ತಡವರಿಸಿದೆ. ಕಾಲ ಹಾಗಿತ್ತು, ಒಕ್ಕಲುತನದ ಮನೆ, ಕೈಗೆ ನಾಲ್ಕು ಕಾಸು ಬರುವ ವಿದ್ಯೆ ಬೇಕಿತ್ತು ಎಂದೆಲ್ಲ ಹೇಳಬಹುದಿತ್ತು. ಅವೆಲ್ಲವೂ ನಿಜವೇ. ಆದರೆ ವೇದಿಕೆಯ ಮೇಲೆ "ಬೇಕು" ಎಂದು ಹೇಳಲು ಕಲಿಸಿ, ಮನೆಯ ಬಾಗಿಲಲ್ಲಿ "ಬೇಡ" ಎಂದವನು ನಾನು. "ಹೌದವ್ವಾ, ನಾನ ಹೇಳಿದ್ದೆ" ಎಂದೆ. ಅವಳು ತಲೆಯಾಡಿಸಿದಳು, ಮತ್ತೇನೂ ಕೇಳಲಿಲ್ಲ.

ಆಕೆ ಮರಳಿ ಹೋದ ವಾರಕ್ಕೆ ಶಿಷ್ಯನಿಗೆ ನಾನೇ ದೂರವಾಣಿ ಮಾಡಿದೆ. ನಮ್ಮಲ್ಲಿ ರಾತ್ರಿ, ಅವನಲ್ಲಿ ಬೆಳಗು. ಹಳೆಯ ಮಾತನ್ನು ನೆನಪಿಸಿ, ಅಂದು ಆತುರಪಟ್ಟೆನಪ್ಪಾ ಎಂದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಗುರುಗಳೇ, ಆ ಢಾಲು ಇನ್ನೂ ಸಾಲ್ಯಾಗ ಐತೇನ್ರಿ?" ಎಂದು ಕೇಳಿದ.

ಮರುದಿನ ಹೋಗಿ ನೋಡಿದೆ. ಇದೆ. ಗ್ರಂಥಾಲಯದ ಕಪಾಟಿನ ಮೇಲೆ, ಕ್ರೀಡಾ ಬಹುಮಾನಗಳ ಹಿಂದೆ. 1995 ಎಂಬ ಅಂಕಿ ಉಳಿದಿದೆ. ಹೆಸರಿನಲ್ಲಿ ಎರಡಕ್ಷರ ಅಳಿಸಿಹೋಗಿವೆ. ಬಣ್ಣದವನಿಗೆ ಹೇಳಿ ಬರೆಯಿಸಬೇಕು.