ತೀರ್ಮಾನಕ್ಕೆ ಮೊದಲು ವೀಕ್ಷಣೆ

ವಿಜ್ಞಾನದ ರೆಕಾರ್ಡ್ ಬರೆಯುವಾಗ ಮಕ್ಕಳು ಮಾಡುವ ಒಂದು ಕಳ್ಳತನ ನನಗೆ ಚೆನ್ನಾಗಿ ಗೊತ್ತು. ಪ್ರಯೋಗಕ್ಕೆ ಮೊದಲೇ ಅಣ್ಣನದೋ ಅಕ್ಕನದೋ ಹಳೆಯ ಪುಸ್ತಕ ನೋಡಿ 'ತೀರ್ಮಾನ' ಬರೆದಿಟ್ಟಿರುತ್ತಾರೆ. 'ವೀಕ್ಷಣೆ'ಯನ್ನು ಆಮೇಲೆ ಅದಕ್ಕೆ ಹೊಂದಿಸುತ್ತಾರೆ. ಇದಕ್ಕಾಗಿ ಎಷ್ಟೋ ಮಕ್ಕಳನ್ನು ಬೈದಿದ್ದೇನೆ. ಅದೇ ಕಳ್ಳತನದಲ್ಲಿ ನಾನೇ ಸಿಕ್ಕಿಬಿದ್ದ ಕಥೆ ಇದು.

ಬೆಂಗಳೂರಿನ ನಮ್ಮ ಬಡಾವಣೆಯ ರಸ್ತೆ ಒಂದು ಹಳೆಯ ಕಾಂಪೌಂಡ್ ಗೋಡೆಗೆ ಬಂದು ಮುಗಿಯುತ್ತದೆ. ಮುಂದೆ ದಾರಿಯಿಲ್ಲವಾದ್ದರಿಂದ ಮಕ್ಕಳು ಅಲ್ಲೇ ಕ್ರಿಕೆಟ್ ಆಡುತ್ತಾರೆ. ವಯಸ್ಸಾದವರು ಹೊಂಗೆಮರದ ನೆರಳಲ್ಲಿ ಕೂತು ಪೇಪರ್ ಓದುತ್ತಾರೆ. ಹೋದ ವರ್ಷ, ಆ ಗೋಡೆ ಒಡೆದು, ರಸ್ತೆ ಅಗಲ ಮಾಡಿ, ಆಚೆಯ ಮುಖ್ಯರಸ್ತೆಗೆ ಸೇರಿಸುತ್ತಾರೆಂಬ ಸುದ್ದಿ ಬಂತು. ಒಂದು ಬೆಳಗ್ಗೆ ಮರಗಳ ಮೈಮೇಲೆ ಬಿಳಿ ಬಣ್ಣದ ನಂಬರುಗಳು ಕಾಣಿಸಿಕೊಂಡವು.

ಗಣಪತಿ ಗುಡಿಯ ಜಗಲಿಯಲ್ಲಿ ಸಭೆ ಸೇರಿತು. "ಮೇಷ್ಟ್ರೇ, ಅರ್ಜಿ ನೀವೇ ಬರೀರಿ" ಎಂದರು. ಉತ್ಸಾಹದಿಂದಲೇ ಬರೆದೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆಗೆ 2016ರಲ್ಲಿ ಈ ಊರಿನ ಜನ ಮಾನವ ಸರಪಳಿ ಕಟ್ಟಿ 'ಬೇಡ' ಎಂದದ್ದು, 800ಕ್ಕೂ ಹೆಚ್ಚು ಮರಗಳು ಬೀಳಬೇಕಿದ್ದ ಆ ಯೋಜನೆಯನ್ನು 2017ರ ಮಾರ್ಚ್‌ನಲ್ಲಿ ಸರ್ಕಾರ ಕೈಬಿಟ್ಟದ್ದು, ಎಲ್ಲವನ್ನೂ ಸೇರಿಸಿದೆ. ಕೊನೆಗೆ, 'ಇದು ಇಲ್ಲಿನ ಸಮಸ್ತ ನಾಗರಿಕರ ಒಕ್ಕೊರಲ ವಿರೋಧ' ಎಂದು ಮುಗಿಸಿದೆ.

ಮರುದಿನ ಒಂಬತ್ತನೇ ತರಗತಿಯಲ್ಲಿ ಹೆಮ್ಮೆಯಿಂದ ಓದಿಯೂ ಹೇಳಿದೆ. ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತಳು. "ಸಾರ್, ನಮ್ಮ ಮನೆ ಆ ಗೋಡೆಯ ಆಚೆ ಇದೆ. ಅಜ್ಜಿಗೆ ಎದೆನೋವು ಬಂದಾಗ ಆಂಬುಲೆನ್ಸ್ ಎಲ್ಲೆಲ್ಲೋ ಸುತ್ತಿಕೊಂಡು ಬಂತು. ನಮ್ಮನ್ನು ಯಾರೂ ಕೇಳಲೇ ಇಲ್ಲವಲ್ಲ?"

ನನಗೆ ಮಾತು ಹೊರಡಲಿಲ್ಲ. ತೀರ್ಮಾನ ಮೊದಲೇ ಬರೆದಿದ್ದೆ, ವೀಕ್ಷಣೆಯ ಪುಟ ಖಾಲಿ ಇತ್ತು.

ಆ ವಾರ ಮಕ್ಕಳು ನೋಟ್‌ಬುಕ್ ಹಿಡಿದು ಹೊರಟರು. ಬೆಳಗ್ಗೆ ಎಂಟರಿಂದ ಒಂಬತ್ತರವರೆಗೆ ಮುಖ್ಯರಸ್ತೆಯ ವಾಹನ ಎಣಿಸಿದರು. ನೆರಳಿನ ನೆಲದ್ದೂ ಬಿಸಿಲಿನ ಟಾರಿನದ್ದೂ ಉಷ್ಣತೆ ಅಳೆದರು. ಗೋಡೆಯ ಆಚೆಯ ಮನೆಗಳಿಗೂ ಹೋಗಿ ಕೇಳಿದರು. ಅಲ್ಲಿ ಯಾರಿಗೂ ಅಗಲವಾದ ರಸ್ತೆ ಬೇಕಿರಲಿಲ್ಲ; ಬೇಕಾಗಿದ್ದದ್ದು ಒಂದು ದಾರಿ, ಅಷ್ಟೆ. ಅಗಲ ಮಾಡಿದರೆ ಮುಖ್ಯರಸ್ತೆಯ ದಟ್ಟಣೆಯೆಲ್ಲ ಅಡ್ಡದಾರಿ ಹುಡುಕಿಕೊಂಡು ಒಳಗೆ ನುಗ್ಗುತ್ತದೆಂಬ ಭಯ ಅವರಿಗೂ ಇತ್ತು.

ಆ ಭಯ ಬರೀ ಕಲ್ಪನೆಯಲ್ಲ. ಜರ್ಮನಿಯ ಗಣಿತಜ್ಞ ಡೀಟ್ರಿಷ್ ಬ್ರೆಸ್ 1968ರಲ್ಲಿಯೇ ಒಂದು ವಿಚಿತ್ರ ತೋರಿಸಿಕೊಟ್ಟರು: ಇರುವ ರಸ್ತೆಗಳ ಜಾಲಕ್ಕೆ ಇನ್ನೊಂದು ರಸ್ತೆ ಸೇರಿಸಿದರೆ ಕೆಲವು ಸಂದರ್ಭಗಳಲ್ಲಿ ಎಲ್ಲರ ಪ್ರಯಾಣವೂ ನಿಧಾನವಾಗುತ್ತದೆ. ಪ್ರತಿಯೊಬ್ಬನೂ ತನಗೆ ಹತ್ತಿರವೆಂದು ಅದೇ ದಾರಿ ಹಿಡಿಯುವುದರಿಂದ ಹೀಗಾಗುತ್ತದೆ. ಹಾಗೆಂದು ಎಲ್ಲ ಕಡೆಯೂ ಹೀಗೇ ಆಗುತ್ತದೆಂದಲ್ಲ. ಎಲ್ಲಿ ಆಗುತ್ತದೆ, ಎಲ್ಲಿ ಇಲ್ಲ ಎಂಬುದನ್ನು ಎಣಿಸಿಯೇ ತಿಳಿಯಬೇಕು.

ನಾನು ಅರ್ಜಿ ಹರಿದು ಹೊಸದಾಗಿ ಬರೆದೆ. 'ಅಗಲ ಮಾಡುವುದು ಬೇಡ, ಮರ ಕಡಿಯುವುದು ಬೇಡ. ಗೋಡೆಯಲ್ಲಿ ಒಂದು ಗೇಟು ಬೇಕು. ನಡೆಯುವವರಿಗೆ, ಸೈಕಲ್ಲಿಗೆ ಸದಾ ತೆರೆದಿರಲಿ. ಆಂಬುಲೆನ್ಸಿಗೆ ಬೇಕಾದಾಗ ಪೂರ್ತಿ ತೆರೆಯುವಂತಿರಲಿ.' ಮಕ್ಕಳ ಲೆಕ್ಕದ ಹಾಳೆಗಳನ್ನೂ ಲಗತ್ತಿಸಿದೆವು. ಜಗಲಿಯ ಸಭೆಯಲ್ಲಿ ಕೆಲವರಿಗೆ ಸಿಟ್ಟು ಬಂತು. "ಗೇಟಿಟ್ಟರೆ ಕಳ್ಳರು ಬರ್ತಾರೆ ಮೇಷ್ಟ್ರೇ" ಎಂದ ನೆರೆಮನೆಯವರು ಎರಡು ತಿಂಗಳು ನನ್ನೊಡನೆ ಮಾತು ಬಿಟ್ಟರು.

ಕಡತ ಇನ್ನೂ ಮೇಜಿನಿಂದ ಮೇಜಿಗೆ ಹೋಗುತ್ತಿದೆ. ಮರಗಳು ನಂಬರು ಹೊತ್ತುಕೊಂಡೇ ನಿಂತಿವೆ. ಗೇಟೂ ಆಗಿಲ್ಲ. ಆದರೆ ಆ ಅರ್ಜಿಯ ಮೊದಲ ಸಹಿ ನನ್ನದಲ್ಲ. ಗೋಡೆಯ ಆಚೆಯ ಅಜ್ಜಿಯದು. ನಡುಗುವ ಕೈಯಲ್ಲಿ ಅಕ್ಷರಕ್ಕೆ ಅಕ್ಷರ ಕೂಡಿಸಿ ಬರೆದು, "ನೋಡಿ ಮೇಷ್ಟ್ರೇ, ಸರಿ ಇದೆಯಾ?" ಎಂದು ಕೇಳಿದರು. ಸರಿಯಾಗಿಯೇ ಇತ್ತು.