ಊದುಗೊಳವೆಯ ಬೈಕೂ, ನಂಬಿಕೆಯ ಮೆಕ್ಯಾನಿಕ್ಕೂ

ಒಳ್ಳೆಯ ಅಕ್ಕಸಾಲಿ, ಒಳ್ಳೆಯ ದರ್ಜಿ, ಒಳ್ಳೆಯ ಮೆಕ್ಯಾನಿಕ್ಕು – ಈ ಮೂವರು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಅಂತ ನಮ್ಮತ್ತೆ ಹೇಳುತ್ತಿದ್ದರು. ಅಕ್ಕಸಾಲಿ ಮೋಸ ಮಾಡಿದರೆ ಒಂದಿಷ್ಟು ಚಿನ್ನ ಹೋದೀತು, ದರ್ಜಿ ಕೆಡಿಸಿದರೆ ಒಂದು ರವಿಕೆ ಹಾಳಾದೀತು. ಮೆಕ್ಯಾನಿಕ್ಕು ಕೈಕೊಟ್ಟರೆ ಗಾಡಿಯ ಮೇಲೆ ಕೂತವರ ಪ್ರಾಣಕ್ಕೇ ಸಂಚಕಾರ. ಈ ಮಾತಿನ ತೂಕ ನನಗೆ ಪೂರ್ತಿ ತಿಳಿದದ್ದು ನಮ್ಮ ತಿಪಟೂರಿನಲ್ಲಲ್ಲ. ಅಮೆರಿಕದ ಒಹಾಯೊ ರಾಜ್ಯದಲ್ಲಿ.

2023ರ ಮೇ ತಿಂಗಳಲ್ಲಿ ನಾವಿಬ್ಬರೂ ಆರು ತಿಂಗಳ ಮಟ್ಟಿಗೆ ಮಗನ ಮನೆಗೆ ಹೋಗಿದ್ದೆವು. ಎಲ್ಲ ತಾಯಂದಿರ ಹಾಗೆ ನಾನೂ ಹುಳಿಪುಡಿ, ಚಟ್ನಿಪುಡಿ, ಹಪ್ಪಳ ಎಲ್ಲ ಕಟ್ಟಿಕೊಂಡು ಹೋದೆ. ಹೋಗಿ ನೋಡಿದರೆ ಗರಾಜಿನಲ್ಲಿ ಕಾರಿಗೇ ಜಾಗವಿಲ್ಲ! ಕೆಂಪು ಬಣ್ಣದ ಹಳೇ ಮೋಟಾರ್‌ಬೈಕೊಂದು ಬೆಡ್‌ಶೀಟು ಹೊದ್ದು ನಡುಮನೆ ಯಜಮಾನನ ಹಾಗೆ ನಿಂತಿದೆ. "ಇದು ಇವರ ಎರಡನೇ ಸಂಸಾರ ಅತ್ತೆ" ಅಂದಳು ಸೊಸೆ. ನಗುತ್ತಲೇ ಅಂದಳು, ಆದರೆ ನಗು ತುಟಿಯಲ್ಲೇ ನಿಂತಿತು. ಮನೆಯಲ್ಲಿ ಐದು ವರ್ಷದ ಮಗಳಿದ್ದಾಳೆ, ಅವಳಿಗೆ ಹೆದರಿಕೆ ಇರದೆ ಇರುತ್ತದೆಯೇ?

ಅದು 1984ರ ಕವಾಸಾಕಿ ಜಿಪಿಜೆಡ್ 750 ಟರ್ಬೊ ಅಂತೆ. 1982ರಿಂದ 1985ರವರೆಗಿನ ಮೂರು-ನಾಲ್ಕು ವರ್ಷಗಳಲ್ಲಿ ಜಪಾನಿನ ಹೋಂಡಾ, ಯಮಾಹಾ, ಸುಜುಕಿ, ಕವಾಸಾಕಿ ನಾಲ್ವರೂ ಪೈಪೋಟಿಗೆ ಬಿದ್ದು ಟರ್ಬೊ ಬೈಕು ಮಾಡಿದರು. ಆಮೇಲೆ ನಾಲ್ವರೂ ಕೈಬಿಟ್ಟರು. ಹಾಗಾಗಿ ಉಳಿದವು ಅಪರೂಪದ ವಸ್ತು. 738 ಸಿಸಿ ಎಂಜಿನ್ನಿನಿಂದ 112 ಕುದುರೆ ಶಕ್ತಿ ಅಂತ ಮಗ ಹೆಮ್ಮೆಯಿಂದ ಹೇಳಿದ. "ಅಷ್ಟು ಕುದುರೆ ಕಟ್ಟಿಕೊಂಡು ಎಲ್ಲಿಗಪ್ಪಾ ದಂಡಯಾತ್ರೆ?" ಅಂದರು ನಮ್ಮೆಜಮಾನರು.

ಟರ್ಬೊ ಅಂದರೇನು ಅಂತ ನನಗೆ ಅರ್ಥವಾದದ್ದು ನಮ್ಮಜ್ಜಿಯ ಊದುಗೊಳವೆ ನೆನಪಾದ ಮೇಲೆ. ಒಲೆಯಲ್ಲಿ ಸೌದೆ ಎಷ್ಟಿದ್ದರೂ ಗಾಳಿ ಸಾಲದಿದ್ದರೆ ಉರಿ ಏಳುವುದಿಲ್ಲ. ಊದಿದರೆ ಭಗ್ಗನೆ ಏಳುತ್ತದೆ. ಇಲ್ಲೂ ಅದೇ. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಕಡ್ಡಿಯ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಕ್ಕೆ ತುಂಬುತ್ತದೆ. ನಿಮಿಷಕ್ಕೆ ಲಕ್ಷಕ್ಕೂ ಮೇಲೆ ಸುತ್ತು! 1905ರಲ್ಲೇ ಆಲ್ಫ್ರೆಡ್ ಬ್ಯೂಕಿ ಎಂಬ ಸ್ವಿಸ್ ಎಂಜಿನಿಯರು ಈ ಉಪಾಯಕ್ಕೆ ಪೇಟೆಂಟ್ ಪಡೆದಿದ್ದನಂತೆ.

ಒತ್ತಡ ಮಿತಿಮೀರಬಾರದಲ್ಲ, ಅದಕ್ಕೆ ಕುಕ್ಕರಿನ ವೆಯಿಟ್ಟಿನ ಹಾಗೆ ಒಂದು ಬಾಗಿಲಿದೆ. ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಬಿಟ್ಟುಬಿಡುತ್ತದೆ. ವೇಸ್ಟ್‌ಗೇಟ್ ಅಂತ ಹೆಸರು. ಮಗನಿಗೆ ಗಾಡಿ ಮಾರಿದವನು ಯಾವ ಕಾಲದಲ್ಲೋ ಈ ಬಾಗಿಲನ್ನೇ ಬಿಗಿಮಾಡಿ ಒತ್ತಡ ಏರಿಸಿದ್ದ. ಗಾಳಿ ಹೆಚ್ಚಾಯಿತು, ಅದಕ್ಕೆ ತಕ್ಕ ಪೆಟ್ರೋಲು ಹೋಗುತ್ತಿಲ್ಲ. ಹಾಗಾದಾಗ ಎಂಜಿನ್ನು ವಿಪರೀತ ಕಾಯುತ್ತದೆ. ಕಿಡಿ ತಗುಲಿದ ಮೇಲೆ ನಿಧಾನವಾಗಿ ಉರಿಯಬೇಕಾದ ಇಂಧನ ಒಗ್ಗರಣೆ ಸಾಸಿವೆಯ ಹಾಗೆ ಪಟಪಟ ಸಿಡಿಯುತ್ತದೆ. ಪಿಸ್ಟನ್ನಿಗೆ ತೂತು ಬೀಳಬಹುದು. ಓಡುತ್ತಿರುವಾಗಲೇ ಎಂಜಿನ್ನು ಹಿಡಿದುಕೊಂಡರೆ ಹಿಂದಿನ ಚಕ್ರವೂ ಕಚ್ಚಿಕೊಳ್ಳಬಹುದು. ಇದನ್ನು ಕೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದನ್ನೆಲ್ಲ ಸರಿಮಾಡುವವನಿಗೆ ಅಲ್ಲಿ ಟ್ಯೂನರ್ ಅನ್ನುತ್ತಾರೆ. ವೀಣೆಗೆ ಶ್ರುತಿ ಕೂಡಿಸಿದ ಹಾಗೆ ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು, ಕಿಡಿ ಯಾವ ಕ್ಷಣಕ್ಕೆ ಅಂತ ಹೊಂದಿಸುವವನು. ಮಗ ಇಂಥವನನ್ನು ಹುಡುಕಿ ಆಗಲೇ ಒಂದು ವರ್ಷವಾಗಿತ್ತು.

ಮೊದಲನೆಯವನು ಫೋನಿನಲ್ಲೇ "ಇನ್ನೂರು ಕುದುರೆ ಶಕ್ತಿ ಬರಿಸಿಕೊಡ್ತೀನಿ, ಗಾಡಿ ಕಳಿಸು" ಅಂದನಂತೆ. ಗಾಡಿಯ ಮುಖ ನೋಡಿಲ್ಲ, ಎಂಜಿನ್ನಿನ ಸ್ಥಿತಿ ಕೇಳಿಲ್ಲ! ಹುಡುಗಿಯನ್ನು ನೋಡದೆ ಲಗ್ನಪತ್ರಿಕೆ ಅಚ್ಚು ಹಾಕಿಸಿದ ಹಾಗಾಯಿತು. ಎರಡನೆಯವನು ಅರ್ಧ ಹಣ ಮುಂಗಡ ತೆಗೆದುಕೊಂಡು ಐದು ತಿಂಗಳು ಗಾಡಿಯನ್ನು ಮೂಲೆಯಲ್ಲಿ ನಿಲ್ಲಿಸಿಕೊಂಡ. ಏನು ಮಾಡಿದೆ ಅಂತ ಕೇಳಿದರೆ "ಅದು ನಿಮಗೆ ಅರ್ಥವಾಗಲ್ಲ" ಅಂದ. ಬಿಚ್ಚಿದ ಸಾಮಾನೂ ಕೊಡಲಿಲ್ಲ, ಲೆಕ್ಕವನ್ನೂ ಕೊಡಲಿಲ್ಲ. ಹೋದ ಗಾಡಿ ಹೋದ ಹಾಗೇ ವಾಪಸು ಬಂತು. ಮಗನೂ ಸೊಸೆಯೂ ಈ ವಿಷಯಕ್ಕೆ ಮಾತು ಬಿಟ್ಟು ಎರಡು ದಿನ ಕಳೆದಿದ್ದರಂತೆ.

ಜುಲೈ ತಿಂಗಳಲ್ಲಿ ಆ ರಾಜ್ಯದ ಲೆಕ್ಸಿಂಗ್ಟನ್ ಊರಿನ ಹತ್ತಿರ, ಮಿಡ್-ಒಹಾಯೊ ರೇಸ್ ಮೈದಾನದಲ್ಲಿ, ಹಳೇ ಮೋಟಾರ್‌ಸೈಕಲ್ಲುಗಳ ಜಾತ್ರೆ ನಡೆಯುತ್ತದೆ. ಅಮೆರಿಕದ ಮೋಟಾರ್‌ಸೈಕಲ್ ಸವಾರರ ಸಂಘದವರೇ ನಡೆಸುವುದು. ನಾವೆಲ್ಲ ಪುಳಿಯೋಗರೆ ಕಟ್ಟಿಕೊಂಡು ಹೊರಟೆವು. ಅಬ್ಬಬ್ಬಾ, ನಮ್ಮ ತಿಪಟೂರಿನ ಸಂತೆಯನ್ನು ಹತ್ತು ಸಾರಿ ಮಡಚಿ ಇಟ್ಟಷ್ಟು! ತೆಂಗಿನಕಾಯಿ ಗುಡ್ಡೆ ಹಾಕಿದ ಹಾಗೆ ಹಳೇ ಸಾಮಾನಿನ ಗುಡ್ಡೆಗಳು. ನಮ್ಮೆಜಮಾನರಿಗೆ ಒಂದು ಜಾವಾ ಕಣ್ಣಿಗೆ ಬಿದ್ದಿತು. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ಅಂತ 1996ರವರೆಗೆ ತಯಾರಾಗುತ್ತಿದ್ದವಲ್ಲ, ಯೆಜ್ಡಿಯಲ್ಲೇ ಇವರು ನನ್ನನ್ನು ತವರಿಗೆ ಕರೆದೊಯ್ಯುತ್ತಿದ್ದದ್ದು. ಅದರ ಮುಂದೆಯೇ ಅರ್ಧ ಗಂಟೆ ನಿಂತುಬಿಟ್ಟರು.

ನಾನು ಮಗನಿಗೆ ಒಂದು ಮಾತು ಹೇಳಿದೆ. "ನಾವು ಹೊಸ ಊರಿಗೆ ಹೋದರೆ ಒಳ್ಳೆ ಡಾಕ್ಟರು ಯಾರು ಅಂತ ಡಾಕ್ಟರನ್ನೇ ಕೇಳ್ತೀವಾ? ಮಕ್ಕಳೊಂದಿಗ ಪಕ್ಕದ ಮನೆಯಾಕೆಯನ್ನು ಕೇಳ್ತೀವಿ. ನೀನೂ ಅಂಗಡಿಯವರನ್ನು ಬಿಡು, ಇದೇ ಗಾಡಿ ಹತ್ತಾರು ವರ್ಷ ಓಡಿಸಿದವರನ್ನು ಕೇಳು" ಅಂದೆ. ಇದೇ ಜಾತಿಯ ಬೈಕು ತಂದಿದ್ದ ಮೂವರು ಸಿಕ್ಕಿದರು. ಮೂವರನ್ನೂ ಬೇರೆ ಬೇರೆ ಕೇಳಿದರೆ ಇಬ್ಬರು ಒಬ್ಬನದೇ ಹೆಸರು ಹೇಳಿದರು.

ಆತ ಎಪ್ಪತ್ತರ ಹತ್ತಿರದ ಮುದುಕ. ಮನೆಯ ಹಿಂದಿನ ಶೆಡ್ಡೇ ಕಾರ್ಯಾಗಾರ, ನಮ್ಮ ಅಡುಗೆಮನೆಗಿಂತ ಚೊಕ್ಕಟ. ಬೆಲೆ ಹೇಳಲಿಲ್ಲ, ಶಕ್ತಿಯ ಮಾತೂ ಆಡಲಿಲ್ಲ. ಬರೀ ಪ್ರಶ್ನೆ! ಎಷ್ಟು ವರ್ಷ ನಿಂತಿತ್ತು, ಯಾವ ಪೆಟ್ರೋಲು, ಯಾವ ಎಣ್ಣೆ, ಯಾರು ಏನು ಬದಲಾಯಿಸಿದರು, ಕೊನೆಗೆ, "ನಿನಗೆ ಈ ಗಾಡಿ ಯಾತಕ್ಕೆ ಬೇಕು?" ರಜಾದಿನ ಬೆಳಿಗ್ಗೆ ಒಂದು ಸುತ್ತು ಹೋಗೋದಕ್ಕೆ ಅಂದ ಮಗ. "ಹಾಗಾದರೆ ಒತ್ತಡ ಕಾರ್ಖಾನೆ ಇಟ್ಟಷ್ಟಕ್ಕೇ ಇಳಿಸೋಣ. ಏರಿಸಬೇಕೆಂದರೆ ಬೇರೆಯವರ ಹತ್ತಿರ ಹೋಗು" ಅಂದುಬಿಟ್ಟ. ನನಗೆ ಆಗಲೇ ಅರ್ಧ ನಂಬಿಕೆ ಬಂತು. ಬಂದ ಕೆಲಸವನ್ನು ಬೇಡ ಅನ್ನುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಮೊದಲು ನಾಲ್ಕು ಸಿಲಿಂಡರುಗಳ ಒತ್ತಡ ಅಳೆದು ಬರೆದುಕೊಂಡ. ಎಂಜಿನ್ನಿಗೆ ಒಳಗೇ ರೋಗವಿದ್ದರೆ ಶ್ರುತಿ ಮಾಡಿ ಏನು ಫಲ? ಪುಣ್ಯಕ್ಕೆ ನಾಲ್ಕೂ ಹೆಚ್ಚುಕಡಿಮೆ ಸಮವಾಗಿದ್ದವು. ಹಳೇ ರಬ್ಬರು ಕೊಳವೆ ಬದಲಾಯಿಸಿ, ಪೆಟ್ರೋಲು ಸಿಂಪಡಿಸುವ ಇಂಜೆಕ್ಟರುಗಳನ್ನು ಶುಚಿಮಾಡಿಸಿ, ವೇಸ್ಟ್‌ಗೇಟನ್ನು ಮೊದಲಿನಂತೆ ಮಾಡಿದ. ಆಮೇಲೆ ಗಾಡಿಯನ್ನು ಉರುಳೆಯ ಮೇಲೆ ನಿಲ್ಲಿಸಿ ಓಡಿಸಿ ಅಳೆಯುವ ಡೈನೊ ಯಂತ್ರಕ್ಕೆ ಏರಿಸಿದ. ಪೆಟ್ರೋಲು ಪೂರ್ತಿ ಉರಿಯಲು ಅದರ ತೂಕದ 14.7 ರಷ್ಟು ಗಾಳಿ ಬೇಕಂತೆ. ಟರ್ಬೊ ಊದುವಾಗ ಮಾತ್ರ ಗಾಳಿಯ ಪಾಲು 12ರ ಆಸುಪಾಸಿಗೆ ಇಳಿಸಿ ಪೆಟ್ರೋಲು ಧಾರಾಳ ಬಿಡಬೇಕು, ಎಂಜಿನ್ನು ತಂಪಾಗಿರಲು. ದೋಸೆಕಾವಲಿ ಕಾದಾಗ ನೀರು ಚಿಮುಕಿಸುವುದಿಲ್ಲವೇ, ಹಾಗೆ. ಅಳತೆಯ ಗೆರೆಗಳಿದ್ದ ಹಾಳೆಯನ್ನು ಮಗನ ಕೈಗಿಟ್ಟು ಸಾಲು ಸಾಲಾಗಿ ವಿವರಿಸಿದ. ಬಿಚ್ಚಿದ ಹಳೇ ಸಾಮಾನನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಟ್ಟ.

ನಾನು ನನ್ನ ಹರಕುಮುರುಕು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟೆ: "ನಿಮ್ಮ ಮಗನಾಗಿದ್ದರೆ ಇದರ ಮೇಲೆ ಕೂರಿಸ್ತಿದ್ರಾ?" ಆತ ನಗಲಿಲ್ಲ. "ನಿನ್ನೆ ನಾನೇ ಇಪ್ಪತ್ತು ಮೈಲಿ ಹೋಗಿಬಂದೆ ಅಮ್ಮಾ. ನಾನು ಕೂರದ ಗಾಡಿಯನ್ನು ಬೇರೆಯವರಿಗೆ ಕೊಡೋದಿಲ್ಲ. ಆದರೆ ಟಯರು ಹಳೆಯವು, ಬದಲಾಯಿಸದೆ ಓಡಿಸಬೇಡಿ" ಅಂದ. ಟಯರು ಆತ ಮಾರುವವನಲ್ಲ. ಅದರಲ್ಲಿ ಅವನಿಗೆ ಕಾಸಿನ ಲಾಭವಿಲ್ಲ. ಹೋಗಿಬಂದ ಮೇಲೆ ಒಂದೆರಡು ನಿಮಿಷ ಎಂಜಿನ್ನನ್ನು ಸುಮ್ಮನೆ ಓಡಲು ಬಿಟ್ಟು ಆರಿಸಬೇಕು, ಇಲ್ಲವಾದರೆ ಕಾದ ಟರ್ಬೊದೊಳಗೆ ಎಣ್ಣೆ ಸೀದು ಕರಿಕಟ್ಟುತ್ತದೆ ಎಂದೂ ಹೇಳಿಕೊಟ್ಟ.

ಇನ್ನು ಸೊಸೆಯ ಸರದಿ. ಒಹಾಯೊದಲ್ಲಿ ಹದಿನೆಂಟು ದಾಟಿದ ಅನುಭವಿ ಸವಾರರಿಗೆ ಹೆಲ್ಮೆಟ್ಟು ಕಡ್ಡಾಯವಲ್ಲ. ಸರಕಾರದ ಕಾನೂನು ಹೇಗಾದರೂ ಇರಲಿ, ಮನೆಯ ಕಾನೂನು ಬೇರೆ ಅಂದಳು. ಹೊಸ ಟಯರು, ಹೆಲ್ಮೆಟ್ಟು, ದಪ್ಪ ಜಾಕೀಟು, ಕತ್ತಲಾದ ಮೇಲೆ ಸವಾರಿ ಇಲ್ಲ. ಅಲ್ಲಿ ಶರತ್ಕಾಲದಲ್ಲಿ ಜಿಂಕೆಗಳು ರಸ್ತೆಗೆ ನುಗ್ಗುತ್ತವೆ. ಮಗ ಎಲ್ಲಕ್ಕೂ ತಲೆಯಾಡಿಸಿದ. ಅವನ ಹುಚ್ಚು ಬಿಡಲಿಲ್ಲ, ಅವಳ ಭಯವೂ ಪೂರ್ತಿ ಹೋಗಲಿಲ್ಲ. ಆದರೆ ಅವನು ಹೊರಟಾಗ ಅವಳು ಬಾಗಿಲಿನ ತನಕ ಬಂದು ಕೈಬೀಸುವಷ್ಟು ಸಮಾಧಾನವಾಯಿತು.

ಸೋದರಿಯರೇ, ನಮ್ಮ ಮನೆಗಳಿಗೆ ಟರ್ಬೊ ಬೈಕು ಬರಲಿಕ್ಕಿಲ್ಲ. ಆದರೆ ಸ್ಕೂಟರು, ಗ್ರೈಂಡರು, ಗೀಸರು, ಗ್ಯಾಸ್ ಒಲೆ ರಿಪೇರಿ ಯಾರಿಗೆ ತಪ್ಪಿದ್ದು? ರಿಪೇರಿಯವನು ಬಂದಾಗ ನಾಲ್ಕು ವಿಷಯ ಗಮನಿಸಿ. ಬೆಲೆ ಹೇಳುವ ಮುಂಚೆ ವಸ್ತುವನ್ನು ಪರೀಕ್ಷಿಸಿದನೇ? ಏನು ಕೆಟ್ಟಿದೆ ಎಂದು ನಿಮಗೆ ತಿಳಿಯುವ ಮಾತಿನಲ್ಲಿ ಹೇಳಿದನೇ? ಬಿಚ್ಚಿದ ಸಾಮಾನನ್ನು ಕೇಳದೆಯೇ ವಾಪಸು ಕೊಟ್ಟನೇ? ಬೇಡದ ಕೆಲಸವನ್ನು ಬೇಡ ಅಂದನೇ? ನಾಲ್ಕಕ್ಕೂ ಹೌದು ಅನ್ನುವಂಥವನು ಸಿಕ್ಕರೆ ಚೌಕಾಸಿ ಮಾಡಬೇಡಿ. ಒಂದು ಲೋಟ ಕಾಫಿ ಕೊಟ್ಟು, ಅವನ ಫೋನ್ ನಂಬರನ್ನು ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಳ್ಳಿ.