ಪರಿಮಾಣ ವ್ರತ ಮತ್ತು ಮನೆಯ ಹೊಗೆ

ದಶಲಕ್ಷಣ ಪರ್ವದ ಹತ್ತು ದಿನಗಳನ್ನು ಮಗನ ಮನೆಯಲ್ಲಿ ಕಳೆಯಲೆಂದು ಕಾರ್ಕಳ ಸಮೀಪದ ಹಳ್ಳಿಯಿಂದ ವೃದ್ಧ ಶ್ರಾವಕರೊಬ್ಬರು ಪತ್ನಿಸಮೇತರಾಗಿ ಬೆಂಗಳೂರಿಗೆ ಬಂದಿದ್ದರು. ಆ ಮನೆಯಲ್ಲಿ ಆಚಾರಕ್ಕೆ ಲೋಪವಿರಲಿಲ್ಲ. ಸೂರ್ಯಾಸ್ತಕ್ಕೆ ಮುನ್ನ ಊಟ, ಸೋಸಿದ ನೀರು, ಕಂದಮೂಲಗಳ ತ್ಯಾಗ ಎಲ್ಲವೂ ಕ್ರಮವಾಗಿ ನಡೆಯುತ್ತಿದ್ದವು. ಆದರೆ ಸ್ನಾನದ ಗೀಸರ್ ಮಧ್ಯಾಹ್ನದವರೆಗೂ ಆರುತ್ತಿರಲಿಲ್ಲ. ಹತ್ತಿರದ ಬಸದಿಗೂ ಕಾರೇ ಬೇಕಾಗಿತ್ತು.

ಉತ್ತಮ ಆಕಿಂಚನ್ಯದ ದಿನ ಪ್ರವಚನ ಕೇಳಿ ಬಂದ ಹಿರಿಯರು ಮಗನಿಂದ ಲೆಕ್ಕ ಬರೆಯಿಸಿದರು. ತಿಂಗಳಿಗೆ 300 ಯೂನಿಟ್ ವಿದ್ಯುತ್. ದೇಶದ ವಿದ್ಯುತ್ತಿನ ಬಹುಪಾಲು ಇಂದಿಗೂ ಕಲ್ಲಿದ್ದಲಿನಿಂದಲೇ ಬರುವುದರಿಂದ, ಯೂನಿಟ್ಟಿಗೆ ಸರಾಸರಿ 700 ಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅಲ್ಲಿಗೆ 210 ಕಿಲೋ. 60 ಲೀಟರ್ ಪೆಟ್ರೋಲಿಗೆ, ಲೀಟರಿಗೆ 2.3 ಕಿಲೋದಂತೆ, 138 ಕಿಲೋ. 14.2 ಕಿಲೋ ಅಡುಗೆ ಅನಿಲದ ಒಂದು ಸಿಲಿಂಡರಿಗೆ ಸುಮಾರು 42 ಕಿಲೋ. ಒಟ್ಟು 390. ಹಳ್ಳಿಯ ಮನೆಯದು 40 ಯೂನಿಟ್ ವಿದ್ಯುತ್ತು, ಮೊಪೆಡ್ಡಿನ 5 ಲೀಟರ್ ಪೆಟ್ರೋಲು ಸೇರಿ 40 ಕಿಲೋ ಮಾತ್ರ. ಅಲ್ಲಿ ಅಡುಗೆಗೆ ತೋಟದ ಸೌದೆ. ಸಿಲಿಂಡರ್ ಅತಿಥಿಗಳು ಬಂದಾಗಲಷ್ಟೇ. ಹಿರಿಯರ ಮುಖದಲ್ಲಿ ಸಮಾಧಾನ ಮೂಡಿತು.

ಆಗ ಸೊಸೆ ಮೆಲ್ಲನೆ ಕೇಳಿದಳು: "ಮಾವ, ಇಲ್ಲಿಗೆ ಬಂದ ಮೇಲೆ ಅತ್ತೆಯವರ ಕೆಮ್ಮು ಕಡಿಮೆಯಾಗಿದೆ. ಅದನ್ನು ಈ ಲೆಕ್ಕದಲ್ಲಿ ಎಲ್ಲಿ ಬರೆಯುವುದು?"

ಹಿರಿಯರು ನಿರುತ್ತರರಾದರು. ಕಡಿದ ಕೊಂಬೆ ಮತ್ತೆ ಚಿಗುರಿದರೆ ಸೌದೆಯ ಇಂಗಾಲವನ್ನು ಮರವೇ ಹಿಂದಕ್ಕೆ ಪಡೆಯುತ್ತದೆ ಎಂಬುದು ನಿಜ. ಆದರೆ ಅರೆಬೆಂದ ಸೌದೆಯ ಹೊಗೆಯಲ್ಲಿರುವ ಮಸಿಯೂ ಮೀಥೇನೂ ಭೂಮಿಯ ತಾಪವನ್ನು ಹೆಚ್ಚಿಸುತ್ತವೆ. ಸೂಕ್ಷ್ಮ ಕಣಗಳು ಒಲೆಯ ಮುಂದೆ ಕುಳಿತವರ ಶ್ವಾಸಕೋಶವನ್ನು ಸೇರುತ್ತವೆ. ತಾವು ಅಪರಿಗ್ರಹವೆಂದು ತಿಳಿದಿದ್ದುದರ ಭಾರವನ್ನು ನಲವತ್ತು ವರ್ಷ ಹೊತ್ತವರು ಮತ್ತೊಬ್ಬರು ಎಂಬುದು ಅವರಿಗೆ ಅಂದು ಮನವರಿಕೆಯಾಯಿತು.

ಅಗ್ನಿ, ವಾಯುಗಳಲ್ಲಿಯೂ ಜೀವವನ್ನು ಕಂಡ ಧರ್ಮವು ಗೃಹಸ್ಥನಿಗೆ ಸರ್ವತ್ಯಾಗವನ್ನು ವಿಧಿಸಲಿಲ್ಲ. ಭೋಗೋಪಭೋಗಗಳಿಗೆ ಪರಿಮಾಣವನ್ನು ವಿಧಿಸಿತು. ಪರಿಮಾಣವೆಂದರೆ ಅಳತೆ. ಉಳ್ಳವನು ತಾನಾಗಿ ಹಾಕಿಕೊಂಡ ಮಿತಿಯೇ ವ್ರತ. ಇಲ್ಲದವರ ಕೊರತೆ ವ್ರತವಲ್ಲ, ಇತರರ ಮೇಲೆ ಹೇರಿದ ಕಷ್ಟವಂತೂ ತ್ಯಾಗವೇ ಅಲ್ಲ. ಆದುದರಿಂದ ನಗರದ ಮನೆ ಇಳಿಸಬೇಕಾದುದು ಬಹಳವಿದೆ. ಹಳ್ಳಿಯ ಅಡುಗೆಮನೆಗೆ ಒಂದಿಷ್ಟು ಅನಿಲ ಸೇರಿದರೆ ಅದು ಪರಿಗ್ರಹವಲ್ಲ, ಅಹಿಂಸೆಯೇ.

ಮಗ ಗೀಸರಿಗೆ ಅರ್ಧ ಗಂಟೆಯ ನಿಯಮ ಹಾಕಿಕೊಂಡ. ಬಸದಿಗೆ ನಡೆದು ಹೋಗತೊಡಗಿದ. ತಮ್ಮ ಮನೆಯಲ್ಲಿ ನಿತ್ಯದ ಅಡುಗೆ ಇನ್ನು ಅನಿಲದಲ್ಲೇ ಎಂದು ಹಿರಿಯರು ನಿಶ್ಚಯಿಸಿದರು. ಕ್ಷಮಾವಾಣಿಯ ದಿನ ಸಕಲ ಜೀವಿಗಳ ಕ್ಷಮೆ ಯಾಚಿಸುವ ಮುನ್ನ ಪತ್ನಿಯ ಮುಂದೆ ಕೈಮುಗಿದರು.

ಪರ್ವಕಾಲದಲ್ಲಿ ಹೀಗೊಂದು ಲೆಕ್ಕ ಬರೆಯುವುದು ಯಾವ ಮನೆಗೂ, ಯಾವ ಬಸದಿಯ ಆಡಳಿತ ಮಂಡಳಿಗೂ ಕಷ್ಟವಲ್ಲ. ಆ ಲೆಕ್ಕದಲ್ಲಿ ಯಾರ ಉಸಿರೂ ಬಿಟ್ಟುಹೋಗದಂತೆ ನೋಡಿಕೊಳ್ಳಬೇಕು.